ಮಂಡ್ಯದ ಬಂಗಲೆಯ ತಾರಸಿ

ಬೆಳಕವಾಡಿಯಿಂದ ಬೆಳಿಗ್ಗೆ ಏಳಕ್ಕೆ ನಾನೂ ನನ್ನ ನಾದಿನಿ ಚಿಕ್ಕತಾಯಮ್ಮನೂ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಮದ್ದೂರು ದಾಟಿ ಮಂಡ್ಯ ತಲುಪುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು.

ನಾವು ಹೋದದ್ದು ವಿಕ್ಟೋರಿಯಾ ರಾಣಿ ಕಾಲದ ಒಂದು ಬಂಗಲೆಗೆ. ಮುಂದೆ ಕಮಾನಿನ ಪಡಸಾಲೆ, ತಬ್ಬಿದರೆ ಕೈಗೆ ಸಿಗದ ದುಂಡು ಕಂಬ, ಕಿಟಕಿ ಮೇಲೆ ಕೆಂಪು ಹಸಿರು ಗಾಜು. ಒಳಗೆ ಎರಡಾಳೆತ್ತರದ ಕೋಣೆಗಳು. ಮೇಲೆ ತೇಗದ ತೊಲೆ, ಅದರ ಮೇಲೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ, ಅದಕ್ಕೂ ಮೇಲೆ ಗಾರೆ. ನಾನು ಮದುವೆಯಾದ ಹೊಸದರಲ್ಲಿ ಈ ತಾರಸಿ ಸೋರಿ, ಹೊಸ ಗಾರೆ ಬಡಿದವರಲ್ಲಿ ನಾವಿಬ್ಬರೂ ಇದ್ದೆವು. ಸುಣ್ಣದ ಮೇಲೆ ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತಾ, ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯಬೇಕು. ಕೊಡತಿ ಪುಟಿದರೆ ಗಾರೆ ಕೂತಿತು ಎಂದರ್ಥ. ನಾವು ಬಡಿದ ತಾರಸಿಗಳಲ್ಲಿ ಉಳಿದಿದ್ದು ಇದೊಂದೇ.

ಮನೆಯೊಡತಿ ಸಾವಿತ್ರಮ್ಮ ಫೋನು ಮಾಡಿ ಕರೆಸಿದ್ದರು. ಕೆಳಗಿನ ಕೋಣೆಯಲ್ಲಿ ಅವರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾರೆ.

"ಇಂಜಿನಿಯರು ತಾರಸಿ ಕೆಡವಿ ಅಂತಾರೆ. ನಂಗೆ ಮನಸ್ಸಿಲ್ಲ. ಬಡಿದೋರು ನೀವು, ನೀವು ಹೇಳಿದ ಹಾಗೆ ಮಾಡ್ತೀನಿ" ಎಂದರು.

ಹತ್ತಿ ನೋಡಿದರೆ ನಮ್ಮ ಗಾರೆಯೇ ಕಾಣಲಿಲ್ಲ. ಯಾರೋ ಅದರ ಮೇಲೆ ಸಿಮೆಂಟು ಬಳಿದಿದ್ದರು. ಸುಣ್ಣ ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟು ಮುಚ್ಚಿದರೆ ಆ ನೀರು ತೊಲೆಗಿಳಿದು ಮರ ಕೊಳೆಯುತ್ತದೆ. ಕಲ್ಲು ತೆಗೆದುಕೊಂಡು ತಟ್ಟಿದೆ. ಟೊಳ್ಳು ಸದ್ದು. ಇನ್ನೆರಡು ಕಡೆ ತಟ್ಟಿದೆ, ಅದೇ ಸದ್ದು.

"ಗಟ್ಟಿಯಾಗದೆ ಅನ್ನು ಅತ್ಗೆ, ನಿನ್ ಗಂಟೇನ್ ಓಯ್ತದೆ" ಎಂದು ಚಿಕ್ಕತಾಯಿ ನನ್ನ ಕಿವಿಯಲ್ಲಿ ಅಂದಳು.

"ಕೆಳಗೆ ಮಕ್ಕಳು ಕೂರ್ತವೆ ಕಣೇ."

"ಅಂಗಾರೆ ನಾವು ಬಡ್ದಿದ್ದು?"

"ಓಯ್ತು. ಬುಡು."

ಕೆಳಗಿಳಿದು ಸಾವಿತ್ರಮ್ಮನಿಗೆ, "ಕೆಡವುಸ್ಬುಡಿ ಕಣಮ್ಮ. ಗೋಡೆ, ಕಂಬ ಗಟ್ಟಿಯಾಗವೆ, ಅವಿರ್ಲಿ. ಮಕ್ಕಳ್ನ ಇವತ್ತಿಂದ್ಲೇ ಪಡಸಾಲೇಲಿ ಕೂರುಸ್ಕಳಿ" ಎಂದೆ.

"ಮತ್ತೆ ಗಾರೆನೇ ಹಾಕಿಸ್ಲಾ?"

"ಬಡಿಯೋರ್ ಯಾರವ್ರಮ್ಮ?"

ಅವರು ಕಾಫಿ ಕೊಟ್ಟು, ಹೊಲಿಗೆ ಯಂತ್ರಗಳನ್ನು ಹುಡುಗಿಯರ ಕೈಲಿ ಹೊರಗೆ ಎಳೆಸತೊಡಗಿದರು.

ಮದ್ದೂರಿನಲ್ಲಿ ಚಿಕ್ಕತಾಯಿಗೆ ವಡೆ ಕೊಡಿಸಿದೆ, ಮುಟ್ಟಲಿಲ್ಲ. ಬಸ್ಸು ಹೊರಟ ಮೇಲೆ ಬಾಯಿ ಬಿಟ್ಟಳು: "ಇನ್ನೊಂದ್ ಸಲ ತಟ್ಟಿ ನೋಡ್ಬೋದಾಗಿತ್ತು."

"ಮೂರು ಸಲ ತಟ್ಟಿವ್ನಿ" ಎಂದೆ.

ಅವಳು ಮಳವಳ್ಳಿ ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು.