ಮಾವಿನ ಚಿಗುರಿನ ಬಣ್ಣ

ನನಗೆ ಬಣ್ಣಗಳು ಕಾಣಿಸುತ್ತವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಹೆಂಡತಿ ಸರೋಜ ನಂಬುವುದಿಲ್ಲ. ಕೋಲಾರದ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳಿಯೇ ನನ್ನ ತಲೆ ನೆರೆತಿದೆ. ಎಲೆ ಮಿಕ್ಕ ಬಣ್ಣಗಳನ್ನು ನುಂಗಿ ಹಸಿರನ್ನು ಮಾತ್ರ ಒಲ್ಲೆನೆಂದು ಹಿಂದಕ್ಕೆ ಕಳಿಸುತ್ತದೆ, ಆ ಬೇಡವಾದದ್ದನ್ನೇ ನಾವು ಎಲೆಯ ಬಣ್ಣ ಎನ್ನುತ್ತೇವೆ. ಹಿಂದಿನ ಬೆಂಚಿನವರೂ ಇದನ್ನು ಬರೆದುಕೊಳ್ಳುತ್ತಾರೆ.

ಆದರೆ ವಿಜ್ಞಾನದ ಕಾಮನಬಿಲ್ಲಿನಲ್ಲಿ ಏಳೇ ಬಣ್ಣ. ಸರೋಜಳ ಬೀರುವಿನ ಸೀರೆಗಳಲ್ಲಿ ಈರುಳ್ಳಿ ಸಿಪ್ಪೆ, ಬದನೆಕಾಯಿ, ನೇರಳೆ ಹಣ್ಣು, ಮೆಂತ್ಯ ಎಂದು ಒಂದು ಸಂತೆಯೇ ಇದೆ.

ಈಚೆಗೆ ಅವಳ ತವರು ರಾಯಲ್ಪಾಡಿನಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ತೀರಿಹೋದ ಅಮ್ಮನ ರೇಷ್ಮೆ ಸೀರೆಯನ್ನೇ ಉಟ್ಟು ಹೋಗಬೇಕೆಂದು ಸರೋಜ ಹಟ ಹಿಡಿದಳು. ಅದರ ರವಿಕೆ ಮುಟ್ಟಿದರೆ ಹರಿಯುವಂತಿತ್ತು. ಅವಳಿಗೆ ಮೊಣಕಾಲು ನೋವು, ಹಾಗಾಗಿ ಮ್ಯಾಚಿಂಗ್ ಬಟ್ಟೆ ತರುವ ಕೆಲಸ ನನಗೆ ಬಂತು. ಸೀರೆಯನ್ನು ಮಾತ್ರ ಕೈಗೆ ಕೊಡಲಿಲ್ಲ. ನಾನು ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿಗಳು ಅವಳ ನೆನಪಿನಲ್ಲಿದ್ದವು.

"ಮಾವಿನ ಚಿಗುರಿನ ಬಣ್ಣ. ತಗೊಂಡು ಹಾಗೇ ಟೈಲರ್‌ಗೆ ಕೊಟ್ಟುಬಿಡಿ" ಎಂದಳು.

ಎಲೆಯ ಬಣ್ಣ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಯಲ್ಲಿ ಹಸಿರು ಕೇಳಿದೆ. ಮ್ಯಾಚಿಂಗ್ ಸೆಂಟರಿನಲ್ಲಿ ಟ್ಯೂಬ್‌ಲೈಟನ್ನು ಯಾರೂ ನಂಬುವುದಿಲ್ಲ. ಸೀರೆ, ಬಟ್ಟೆ ಎರಡನ್ನೂ ಬೀದಿಗೆ ತಂದು ಬಿಸಿಲಿಗೆ ಹಿಡಿದು ನೋಡುವುದು ಪದ್ಧತಿ. "ಸೀರೆ ತಂದಿಲ್ವಾ ಸಾರ್? ಮತ್ತೆ ಯಾವುದಕ್ಕೆ ಹಿಡಿದು ನೋಡ್ತೀರಾ?" ಎಂದರು ಅಂಗಡಿಯ ರಫೀಕ್ ಸಾಬರು. ಪಕ್ಕದ ಹೋಟೆಲಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಅದರಲ್ಲೇ ಎಳೆಯದೆನಿಸಿದ ಒಂದು ಎಲೆಗೆ ಬಟ್ಟೆಯನ್ನು ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತೋರಣಕ್ಕೆ ರವಿಕೆ ಹೊಲಿಸುವ ಗಿರಾಕಿಯನ್ನು ಸಾಬರು ಅಂದೇ ಮೊದಲು ನೋಡಿದ್ದಿರಬೇಕು.

ನಿಶ್ಚಿತಾರ್ಥದ ಹಿಂದಿನ ಸಂಜೆ ರವಿಕೆ ಬಂತು. ಸರೋಜ ಅದನ್ನು ಸೀರೆಯ ಪಕ್ಕ ಇಟ್ಟಳು. ಸೀರೆ, ಹುಣಿಸೆಹಣ್ಣು ಹಚ್ಚಿ ತೊಳೆದ ತಾಮ್ರದ ಚೊಂಬಿನ ಹಾಗೆ ಕೆಂಪಗಿತ್ತು.

"ಮಾವಿನ ಚಿಗುರು ಎಲ್ಲಾದ್ರೂ ಹಸಿರಾಗಿರುತ್ತೇನ್ರೀ? ಈ ಸೀರೆ ಇಷ್ಟು ವರ್ಷದಿಂದ ನಮ್ಮ ಬೀರುವಿನಲ್ಲೇ ಇದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡಳು, ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನು ಮಾಸ್ತಿ ಕಡೆಯ ರಾಗಿ ಹೊಲದವನು, ನಮಗೆ ಮಾವಿನೆಲೆ ಎಂದರೆ ಹಬ್ಬದ ತೋರಣ ಎಂದು ಸಮಜಾಯಿಷಿ ಕೊಟ್ಟೆ. ಅದು ಕೆಲಸಕ್ಕೆ ಬರಲಿಲ್ಲ.

ಬೇರೆ ದಾರಿಯಿಲ್ಲದೆ ಹಸಿರು ರವಿಕೆಯಲ್ಲೇ ಹೊರಟಳು. ಬಸ್ಸಿನಲ್ಲಿ ಉದ್ದಕ್ಕೂ ಸೆರಗು ಹೊದ್ದು ಕೂತಿದ್ದಳು. ತವರಿನ ಅಂಗಳದ ಮಾವಿನ ಮರ ಚಿಗುರಿತ್ತು. ಹಳೆಯ ಹಸಿರೆಲೆಗಳ ಮೇಲೆ ತಾಮ್ರದ ಬಣ್ಣದ ಎಳೆಯ ಎಲೆಗಳು ಗೊಂಚಲುಗೊಂಚಲಾಗಿ ಜೋತುಬಿದ್ದಿದ್ದವು. ಅಳಿಯನಾಗಿ ಬಂದಾಗಿನಿಂದ ಅದೇ ಮರದ ಕೆಳಗೆ ಕೂತು ಹಣ್ಣು ತಿಂದವನು ನಾನು. ಮರ ಕಂಡದ್ದು ಅಂದು.

ಅವಳ ಅತ್ತಿಗೆ ಬಾಗಿಲಿಗೆ ಬಂದು ಸೆರಗು ಸರಿಸಿ ನೋಡಿದರು. ಒಮ್ಮೆ ಮಾವಿನ ಮರ ನೋಡಿ, ಗಡಿಯ ಊರಿನ ತೆಲುಗು ಬೆರೆಸಿ ಅಂದರು: "ಅಬ್ಬ, ಮನ ಮಾಮಿಡಿ ಚೆಟ್ಟೇ ಸೀರೆ ಉಟ್ಕೊಂಡು ಬಂದಂಗೈತಲ್ಲೇ ಸರೋಜಾ!" ಸರೋಜಳೂ ತಿರುಗಿ ಮರ ನೋಡಿದಳು, ನಕ್ಕಳು. ಸೆರಗನ್ನು ಮತ್ತೆ ಎಳೆದುಕೊಳ್ಳಲಿಲ್ಲ.

"ನೋಡಿಯೇ ತಂದದ್ದು" ಎಂದೆ ನಾನು. ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಹೌದಾ? ಹಾಗಾದ್ರೆ ಹೇಳಿ, ನಮ್ಮ ಧಾರೆಗೆ ನಾನು ಉಟ್ಟಿದ್ದು ಯಾವ ಬಣ್ಣ?"

ನಾನು ಮರದ ಕಡೆ ನೋಡಿದೆ. ಅಲ್ಲಿ ಇದ್ದದ್ದು ಎರಡೇ ಬಣ್ಣ. ಧೈರ್ಯ ಮಾಡಿ ಒಂದನ್ನು ಹೇಳಿದೆ.

ಈಗ ಭಾನುವಾರಗಳಂದು ಅವಳ ಬೀರು ತೆರೆದು ಒಂದೊಂದೇ ಸೀರೆಯನ್ನು ಹಿತ್ತಲಿನ ಬಿಸಿಲಿಗೆ ತಂದು ನೋಡುತ್ತಿದ್ದೇನೆ. ಎಲ್ಲವೂ ಚೆನ್ನಾಗಿವೆ. ಧಾರೆಯದು ಯಾವುದೆಂದು ಅವಳು ಹೇಳುತ್ತಿಲ್ಲ.