ಪೆರಿಯನಾಯಕಿ ಅಂಟಿಸಿದ ಹದಿನಾಲ್ಕು ರೀಲು

ಬೆಳಿಗ್ಗೆ ಐದೂವರೆ. ಅನ್ನೂರಿನ ಹೊರಗಿನ ಟೆಂಟ್ ಸಿನಿಮಾದ ಹಿಂಬದಿಯಲ್ಲಿ ಪೆರಿಯನಾಯಕಿ ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಯಲ್ಲ ಮಾರಾಯರೆ, ಕೆಲಸ! ರೀಲು ಅವರ ಎರಡು ಬೆರಳ ನಡುವೆ ಸರಸರ ಹರಿಯುತ್ತಿದೆ. ಅಂಚಿನ ತೂತು ಹರಿದ ಕಡೆ ಬೆರಳು ತಾನಾಗಿ ನಿಲ್ಲುತ್ತದೆ.

ಪೊಳ್ಳಾಚಿಯಲ್ಲಿ ಐವತ್ತು ದಿನ ಓಡಿ ಸುಸ್ತಾಗಿ ನಿನ್ನೆ ರಾತ್ರಿಯಷ್ಟೇ ಇಲ್ಲಿಗೆ ಬಂದ ಪ್ರಿಂಟು ಇದು. ಕಳೆದ ವಾರ ಇವರು ಮದುವೆಗೆ ಹೋಗಿದ್ದಾಗ ಮಾಲೀಕ ನಟರಾಜನ್ ಆಗಿನ ಪ್ರಿಂಟನ್ನು ತಾವೇ ಅಂಟಿಸಲು ಹೋಗಿ ಆಟ ಮೂರು ಸಲ ನಿಂತಿತ್ತು. ಇವತ್ತು ಒಂದು ಸಲ ತುಂಡಾದರೂ ಇನ್ನು ಈ ಟೆಂಟಿಗೆ ಪ್ರಿಂಟಿಲ್ಲ ಎಂದಿದ್ದಾರೆ ವಿತರಕರ ಕಡೆಯ ಚೆನ್ನಿಯಪ್ಪನ್. ಸಂಜೆ ಖುದ್ದು ಬಂದು ನೋಡುತ್ತಾರಂತೆ.

ಪೆರಿಯನಾಯಕಿ ನೇಕಾರರ ಮನೆಯವರು. ಮಗ್ಗದ ಹಾಸಿನಲ್ಲಿ ಎಳೆ ಹರಿದರೆ ತಡವಿಯೇ ಹುಡುಕುತ್ತಿದ್ದ ಕೈ, ಮಗ್ಗ ನಿಂತ ವರ್ಷ ಇಲ್ಲಿಗೆ ಬಂತು. "ನೂಲಿನ ಹುಳುಕು ತುದಿ ಕತ್ತರಿಸಿ ಬಿಸಾಡೋದು ನಮ್ಮ ಪಳಕ್ಕ, ಅಭ್ಯಾಸ. ಬಂದ ಹೊಸದ್ರಲ್ಲಿ ಪಡದ ರೀಲಲ್ಲೂ ಹಾಗೇ ಮಾಡ್ಬಿಟ್ಟೆ," ಎಂದು ನಗುತ್ತಾರೆ. "ಬರೀ ಕಪ್ಪು ಚೌಕ, ಏನೂ ಇಲ್ಲ ಅಂತ ಕತ್ತರಿಸ್ದೆ. ಪರದೆ ಮೇಲೆ ಮಗ ಬಾಯಿ ತೆರೆದ, 'ಅಮ್ಮಾ' ಅನ್ನೋದು ಬರ್ಲೇ ಇಲ್ಲ. ಶಿಳ್ಳೆ ಹೊಡ್ದು ಮಾನ ತೆಗೆದ್ರು!"

ಚಿತ್ರಕ್ಕಿಂತ ಇಪ್ಪತ್ತು ಚೌಕ ಮುಂದೆಯೇ ಅದರ ಶಬ್ದ ಅಚ್ಚಾಗಿರುತ್ತದೆ. ಆ ಕಪ್ಪು ಚೌಕಗಳ ಅಂಚಿನಲ್ಲೇ ಮಗನ ಕೂಗಿತ್ತು. ಅಂದಿನಿಂದ ಇವರು ಒಂದು ಚೌಕಕ್ಕಿಂತ ಹೆಚ್ಚು ಕತ್ತರಿಸಿಲ್ಲ.

ಸಿನಿಮಾ ಮಾತು ಕಲಿಯಿತು, ಬಣ್ಣ ಬಳಿದುಕೊಂಡಿತು, ಪರದೆ ಅಗಲವಾಯಿತು, ಈಗ ವಿಡಿಯೊ ಬೇರೆ ಬಂದಿದೆ. ಅನ್ನೂರಿನಲ್ಲಿ ಮಾತ್ರ ಹರಿದದ್ದಕ್ಕೆ ಪೆರಿಯನಾಯಕಿಯೇ ಬೇಕು. ಬ್ಲೇಡಿನಿಂದ ಹೆರೆಯಬೇಕು, ಅಂಟು ಸವರಬೇಕು, ಹತ್ತು ಎಣಿಸುವವರೆಗೆ ಒತ್ತಬೇಕು. ಸಂಜೆಯೊಳಗೆ ಮೂವತ್ತೊಂದು ಕಡೆ ಅಂಟಿಸಿದ್ದಾರೆ.

ಆಟ ಶುರುವಾಗುತ್ತದೆ. ಚೆನ್ನಿಯಪ್ಪನ್ ಬೆಂಚಿನಲ್ಲಿ, ತುಂಡಾದದ್ದನ್ನು ಬರೆದುಕೊಳ್ಳಲು ಪುಸ್ತಕ ಬಿಚ್ಚಿಕೊಂಡಿದ್ದಾರೆ. ತೀರಾ ಹಾಳಾಗಿದ್ದ ಹನ್ನೊಂದನೇ ರೀಲು ಬಂದಾಗ ಪೆರಿಯನಾಯಕಿ ಸೆರಗು ಕಚ್ಚಿಕೊಳ್ಳುತ್ತಾರೆ. "ಇದೊಂದು ದಾಟ್ಲಿ, ತಾಯಿ!" ದಾಟುತ್ತದೆ. ಉಳಿದ ಮೂರೂ ದಾಟುತ್ತವೆ.

ಜನ ಕಣ್ಣೊರೆಸಿಕೊಂಡು ಹೊರಡುತ್ತಾರೆ. ಚೆನ್ನಿಯಪ್ಪನ್ ನೇರ ನಟರಾಜನ್ ಹತ್ತಿರ ಬಂದು ರೇಗುತ್ತಾರೆ: "ನಾವು ಕೊಟ್ಟ ಪ್ರಿಂಟು ಎಲ್ರೀ? ಈ ಹೊಸದನ್ನ ಎಲ್ಲಿಂದ ತಂದ್ರಿ?"

ನಟರಾಜನ್ ಪೆರಿಯನಾಯಕಿಯ ಕಡೆ ಕೈ ತೋರುತ್ತಾರೆ.

"ಅದೇ ಇದು, ಸಾಮಿ," ಎನ್ನುತ್ತಾರೆ ಪೆರಿಯನಾಯಕಿ. "ಮುಂದಿನ ಪೆಟ್ಟಿಗೆ ಮಾತ್ರ ಒಂದು ದಿನ ಮುಂಚೆ ಕಳ್ಸಿ. ಇವತ್ತು ನಂಗೆ ಊಟ ಮಾಡೋಕೂ ಹೊತ್ತು ಸಿಗ್ಲಿಲ್ಲ."