ಹಲ್ಲಕ್ಕನ ಫೈಟರ್ ವಿಮಾನ

ಬೆಳಗಿನ ಐದೂಕಾಲು. ಬಸ್ ಡ್ರೈವರ್ ಗಂಡ ಮೊದಲ ಪಾಳಿಗೆ ಹೊರಟು ಹತ್ತು ನಿಮಿಷವಾಗಿದೆ. ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿದೆ. ಅದರ ಮೇಲೆ ಎರಡನೇ ಮಹಾಯುದ್ಧದ ಫೈಟರ್ ವಿಮಾನವೊಂದು ಹೊಟ್ಟೆ ಮೇಲಾಗಿ ಮಲಗಿದೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದೂವರೆ ಗೇಣು. ಅಸಲಿ ವಿಮಾನದ ಮೂವತ್ತೆರಡರಲ್ಲೊಂದು ಪಾಲು. ಐವತ್ತೆರಡರ ಹೆಂಗಸೊಬ್ಬರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಸೂಜಿಯ ಮೊನೆಯಿಂದ ರೆಕ್ಕೆಯ ಮೇಲೆ ಒಂದೊಂದೇ ಚುಕ್ಕೆ ಒತ್ತುತ್ತಿದ್ದಾರೆ. ಒಂದು ಚುಕ್ಕೆ ಎಂದರೆ ಒಂದು ರಿವೆಟ್, ತಗಡು ಜೋಡಿಸುವ ಮೊಳೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಕುರ್ಚಿ ಎಳೆದ ಸದ್ದಿಗೆ ತಲೆ ಎತ್ತದೆಯೇ ಹೇಳುತ್ತಾರೆ: “ಕೂತ್ಕೊಳ್ಳಿ, ಆದ್ರೆ ಮಾತಾಡಿಸ್ಬೇಡಿ. ಹನ್ನೆರಡು.”

ದಿನಕ್ಕೆ ನೂರೈವತ್ತು ಚುಕ್ಕೆ. ಅದಕ್ಕಿಂತ ಹೆಚ್ಚಾದರೆ ಕಣ್ಣು ಮಂಜಾಗುತ್ತದೆ. ಇಡೀ ವಿಮಾನಕ್ಕೆ ಮೂರು ಸಾವಿರ ಚಿಲ್ಲರೆ ಬೇಕು. ಏಳೂವರೆಗೆ ವಿಮಾನವನ್ನು ಬೀರುವಿನ ಮೇಲಕ್ಕೆ ಎತ್ತಿಟ್ಟರೆ ಅವತ್ತಿನ ಕೆಲಸ ಮುಗಿಯಿತು. ರಜೆಯ ದಿನ ಗಂಡನದು ಒಂದೇ ಗೊಣಗಾಟವಂತೆ: “ವಿಮಾನ ಮೇಲೆ ಹೋಗೋವರ್ಗೂ ತಿಂಡಿ ಕೆಳಗೆ ಬರಲ್ಲ.”

ಬೀದಿಯವರಿಗೆಲ್ಲ ಇವರು ಹಲ್ಲಕ್ಕ. ಎರಡು ಬೀದಿ ಆಚೆಯ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಹಲ್ಲಿನ ಸೆಟ್ ಮಾಡುತ್ತಿದ್ದಾರೆ, ದಿನಕ್ಕೆ ನಾಲ್ಕು. ಹಾಕಿಸಿಕೊಂಡವರು ಹೊಗಳುವುದು ಡಾಕ್ಟರನ್ನು. “ಯಾರಾದ್ರೂ ನಕ್ರೆ ನಾನು ಮುಖ ನೋಡಲ್ಲ, ಹಲ್ಲು ನೋಡ್ತೀನಿ. ನಂದಾ, ಬೇರೆಯವರದ್ದಾ ಅಂತ,” ಎನ್ನುತ್ತಾರೆ. ಲ್ಯಾಬು ಎಸೆಯುವ ಎಷ್ಟೋ ವಸ್ತು ಈ ಮೇಜಿಗೆ ಬಂದು ಸೇರಿದೆ: ಮೊಂಡಾದ ಡ್ರಿಲ್ ಮೊನೆಗಳು, ಮೇಣ ಕೆತ್ತುವ ಚಾಕು, ಹಲ್ಲಿನ ಎಕ್ಸ್‌ರೇ ಪೊಟ್ಟಣದೊಳಗಿನ ತೆಳು ಸೀಸದ ಹಾಳೆ. ಆ ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಸೀಳಿದರೆ ಪೈಲಟ್ ಸೀಟಿನ ಬೆಲ್ಟ್. “ಬಟ್ಟೆ ಥರ ಮಡಚ್ಕೊಂಡು ಬೀಳುತ್ತೆ, ಮಡಚಿದ ಹಾಗೇ ನಿಲ್ಲುತ್ತೆ. ಅಂಗಡಿಯಲ್ಲಿ ಸಿಗೋದ್ರಲ್ಲಿ ಈ ಗುಣ ಇಲ್ಲ.”

ಈ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದರೆ ಬೇರೆಯವರು ಬಾಲ್ಯದ ಕನಸು ಎಂದಾರು. ಹಲ್ಲಕ್ಕ ಹಾಗೆ ಸುತ್ತಿ ಬಳಸುವವರಲ್ಲ. “ಹೊಟ್ಟೆಕಿಚ್ಚಿಂದ,” ಎಂದು ಸೂಜಿ ಕೆಳಗಿಡುತ್ತಾರೆ.

ಹೊಟ್ಟೆಕಿಚ್ಚು ಅಣ್ಣನ ಮೇಲೆ. ಎಂಟು ವರ್ಷ ದೊಡ್ಡವರು, ನಕ್ಷೆ ಬರೆಯುವ ಕೆಲಸದಲ್ಲಿದ್ದವರು, ಊರಿನ ಮಾಡೆಲ್ ಕ್ಲಬ್ ಕಟ್ಟಿದವರು. ಅಪ್ಪ ವರ್ಷಕ್ಕೊಂದು ಜೋಡಿಸಿ ಮಾಡುವ ವಿಮಾನದ ಡಬ್ಬಿ ತರುತ್ತಿದ್ದರು, ಮಗನಿಗೆ. ಪ್ಲಾಸ್ಟಿಕ್ಕಿನ ಭಾಗಗಳನ್ನೆಲ್ಲ ಬಿಡಿಸಿಕೊಂಡ ಮೇಲೆ ಉಳಿಯುವ ಚೌಕಟ್ಟಿನ ಕಡ್ಡಿಗಳು ತಂಗಿಗೆ. “ಅವನಿಗೆ ವಿಮಾನ, ನಂಗೆ ಕಡ್ಡಿ. ಅದನ್ನ ಮೇಣದಬತ್ತಿಗೆ ಹಿಡಿದು ಎಳೆದ್ರೆ ಕೂದಲಿನಷ್ಟು ತೆಳ್ಳಗಾಗುತ್ತೆ ಅಂತ ಆರನೇ ವಯಸ್ಸಿಗೇ ಕಂಡುಕೊಂಡೆ. ವಿಮಾನದ ಆಂಟೆನಾ ತಂತಿ ಮಾಡೋದೇ ಹಾಗೆ. ಅಣ್ಣ ಅದನ್ನ ನನ್ನಿಂದ ಕಲಿತಿದ್ದು. ಕೇಳಿದ್ರೆ ಇಲ್ಲ ಅಂತಾನೆ.”

ಏಳು ವರ್ಷದ ಹಿಂದೆ ಅಣ್ಣನಿಗೆ ಕೈನಡುಕ ಶುರುವಾಯಿತು. ಯಾವತ್ತೂ ಲ್ಯಾಬಿನ ಮೆಟ್ಟಿಲು ಹತ್ತದವರು ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಬಂದು ನಿಂತರು. “ಪುಟ್ಟಿ, ಈ ಬೆಲ್ಟ್ ಕೂರ್ತಾ ಇಲ್ಲ. ಸ್ವಲ್ಪ ನೋಡ್ತೀಯಾ?” ಹಲ್ಲಕ್ಕ ಹತ್ತು ನಿಮಿಷದಲ್ಲಿ ಕೂರಿಸಿಕೊಟ್ಟರು. ಮುಂದಿನ ವರ್ಷ ಪೈಲಟ್ ಕೂರುವ ಗೂಡಿನ ಕೆಲಸವೆಲ್ಲ ಇವರಿಗೆ ಬಂತು, ಅದರ ಮುಂದಿನ ವರ್ಷ ಬಣ್ಣವೂ. ಕ್ಲಬ್ಬು ವರ್ಷಕ್ಕೊಮ್ಮೆ ಬಹುಮಾನವಿಟ್ಟು ನಡೆಸುವ ಪ್ರದರ್ಶನದ ಚೀಟಿಯಲ್ಲಿ ಮಾತ್ರ ಅಣ್ಣನ ಹೆಸರು. ಅವರ ಶೋಕೇಸಿನಲ್ಲಿ ಹದಿನಾಲ್ಕು ಕಪ್‌ಗಳಿವೆ. “ಅದ್ರಲ್ಲಿ ನಾಲ್ಕು ನಂದು. ಒಂದ್ಸಲಾನೂ ಕೈಯಲ್ಲಿ ಹಿಡಿದಿಲ್ಲ.”

ಎರಡು ವರ್ಷದ ಹಿಂದಿನ ಪ್ರದರ್ಶನದಲ್ಲಿ ತೀರ್ಪುಗಾರರು, ಅಂಥವೇ ವಿಮಾನಗಳನ್ನು ರಿಪೇರಿ ಮಾಡಿದ್ದ ವಯಸ್ಸಾದ ಮೆಕ್ಯಾನಿಕ್, ಟಾರ್ಚ್ ಬಿಟ್ಟು ಗೂಡಿನೊಳಗೆ ನೋಡಿದರು. “ಪೈಲಟ್ ಈಗ ತಾನೇ ಎದ್ದು ಹೋದ ಹಾಗಿದೆಯಲ್ರೀ,” ಎಂದರು. ಅಣ್ಣ ಕೈಕಟ್ಟಿ ನಿಂತು, “ಏನೋ, ನಲವತ್ತು ವರ್ಷದ ಅಭ್ಯಾಸ,” ಎಂದರು. ಹಲ್ಲಕ್ಕ ಅಣ್ಣನ ಹಿಂದೆಯೇ, ಅವರು ಬಿಚ್ಚಿಕೊಟ್ಟ ಕೋಟು ಹಿಡಿದು ನಿಂತಿದ್ದರು. “ಹೊಗಳಿದ್ದು ನನ್ನ ಕಿವಿಗೆ ಬಿತ್ತು, ಅವನ ಎದೆ ಉಬ್ಬಿತು. ಮಾರನೇ ದಿನ ಲ್ಯಾಬಲ್ಲಿ ಯಾರದೋ ಮುಂದಿನ ಹಲ್ಲು ಸೊಟ್ಟಗೆ ಕೂರಿಸಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅದೊಂದೇ.”

ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ನಾನೇ ಕೇಳಿದೆ. “ಬರೀರಿ. ಅವನಿಗೆ ಗೊತ್ತಿರೋದೇ,” ಎಂದರು.

ಕಳೆದ ವರ್ಷದ ವಿಮಾನದಲ್ಲಿ, ಎತ್ತರ ತೋರಿಸುವ ಮೀಟರನ್ನು ಹಲ್ಲಕ್ಕ ಬೇಕಂತಲೇ ತಲೆಕೆಳಗಾಗಿ ಅಂಟಿಸಿದರು. ಸಾಸಿವೆ ಕಾಳಿನಷ್ಟು ಮೀಟರ್. ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಮೆಕ್ಯಾನಿಕ್ಕರ ಟಾರ್ಚಿಗೆ ಕಂಡೇ ಕಾಣುತ್ತದೆಂದು ಗೊತ್ತಿತ್ತು. ಕಂಡಿತು. ಎಲ್ಲರೆದುರು ಅವರು ಅದನ್ನು ತೋರಿಸಿದಾಗ ಅಣ್ಣನ ಮುಖ ಸಪ್ಪಗಾಯಿತು. ನಡುಗುವ ಕೈಯನ್ನು ಜೇಬಿಗಿಳಿಸಿ, “ತಪ್ಪು ನನ್ನದೇ,” ಎಂದರಂತೆ. ಬಹುಮಾನ ಬೇರೆಯವರ ಪಾಲಾಯಿತು.

“ಖುಷಿ ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ,” ಎನ್ನುತ್ತಾರೆ ಹಲ್ಲಕ್ಕ. ವಾಪಸು ಬರುವಾಗ ಬಸ್ಸಿನಲ್ಲಿ ವಿಮಾನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಣ್ಣ ಮೂರು ಸ್ಟಾಪ್ ಕಳೆದ ಮೇಲೆ ತಂಗಿಯತ್ತ ತಿರುಗಿದರು.

“ನೀನು ತಪ್ಪು ಮಾಡೋಳಲ್ಲ, ಪುಟ್ಟಿ.”

“ಹೌದು. ಬೇಕಂತಲೇ ಮಾಡ್ದೆ.”

ಬೈಗುಳಕ್ಕೆ ಕಾದು ಕೂತಿದ್ದ ತಂಗಿಗೆ ಅಣ್ಣ ಹೇಳಿದ್ದು ಬೇರೆಯೇ. “ಮೊದಲನೇ ದಿನ ಆ ಬೆಲ್ಟ್ ಹತ್ತು ನಿಮಿಷಕ್ಕೆ ಕೂರಿಸ್ದೆ ನೋಡು, ಅವತ್ತು ಮನೆಗೆ ಹೋಗಿ ನಾನು ಊಟ ಮಾಡ್ಲಿಲ್ಲ. ನಾಲ್ಕು ದಿನದಿಂದ ಒದ್ದಾಡ್ತಿದ್ದೆ ನಾನು. ಚೀಟಿ ತುಂಬುವಾಗೆಲ್ಲ ನಿನ್ನ ಹೆಸರು ಬರೆಯೋಣ ಅಂತ ಪೆನ್ನು ಎತ್ತಿದ್ದೀನಿ. ಹೊಟ್ಟೆ ಉರಿದು ಕೆಳಗಿಟ್ಟಿದ್ದೀನಿ.”

ಆಮೇಲೆ ಮೂರು ತಿಂಗಳು ಇಬ್ಬರಿಗೂ ಮಾತಿಲ್ಲ. ಅಷ್ಟರಲ್ಲಿ ಹಲ್ಲಕ್ಕ ತಮ್ಮದೇ ಡಬ್ಬಿ ಕೊಂಡು ತಂದರು, ಜೀವನದ ಮೊದಲ ಡಬ್ಬಿ. ಸುದ್ದಿ ತಿಳಿದ ಅಣ್ಣ ಒಂದು ಭಾನುವಾರ ಬಂದು ಕೂತರು. ಈಗ ಪ್ರತಿ ಭಾನುವಾರವೂ ಬರುತ್ತಾರೆ, ಹುಳುಕು ಹುಡುಕಲು. ರೆಕ್ಕೆಯ ಬುಡದಲ್ಲಿ ಪೈಲಟ್ಟನ ಬೂಟು ತಾಗಿ ಸವೆದ ಗುರುತನ್ನು ಹಲ್ಲಕ್ಕ ಬಲಗಡೆ ಹಾಕಿದ್ದರು. “ಈ ವಿಮಾನಕ್ಕೆ ಎಡಗಡೆಯಿಂದ ಹತ್ತೋದು. ನಿನ್ನ ಪೈಲಟ್ ಏನು ಹಾರ್ಕೊಂಡು ಬಂದು ಕೂರ್ತಾನಾ?” ಎಂದು ಅಣ್ಣ ಹಂಗಿಸಿದರು. ತಂಗಿ, ಅವರು ಗೇಟು ದಾಟಿದ ಮೇಲೆ ಪುಸ್ತಕ ತೆಗೆದು ನೋಡಿದರು. ಅಣ್ಣ ಹೇಳಿದ್ದು ಸರಿ. ಬಲಗಡೆ ಮತ್ತೆ ಬಣ್ಣ ಬಳಿದು, ಎಡಗಡೆ ಸ್ಪಂಜಿನ ಚೂರನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ ತಟ್ಟಿದರು. “ನಲವತ್ತು ವರ್ಷದಲ್ಲಿ ಅವನ ತಲೆಗೆ ಇಳಿದಿರೋದು ನನ್ನ ಕೈಗೆ ಇನ್ನೂ ಬಂದಿಲ್ಲ. ಅದಕ್ಕೂ ಉರಿ ಇದೆ ನೋಡಿ.”

ಪ್ರದರ್ಶನ ಮುಂದಿನ ತಿಂಗಳು. ರಿವೆಟ್ ಇನ್ನೂ ಆರುನೂರು ಬಾಕಿ, ಎಂಜಿನ್ ಹೊಗೆಯ ಮಸಿ ಬಳಿಯುವುದು ಬಾಕಿ. ಪ್ರವೇಶದ ಚೀಟಿಯನ್ನು ಮಾತ್ರ ಹಲ್ಲಕ್ಕ ಆಗಲೇ ತುಂಬಲು ಶುರುಮಾಡಿದ್ದಾರೆ. ‘ತಯಾರಿಸಿದವರು’ ಎಂಬ ಕಡೆ ಅವರ ಹೆಸರಿದೆ, ದುಂಡಗೆ, ಶಾಯಿ ಒತ್ತಿ. ಅದರ ಕೆಳಗೆ ‘ಸಹಾಯ’ ಎಂಬ ಸಾಲು ಇನ್ನೂ ಖಾಲಿ.

ಅಲ್ಲಿ ಏನು ಬರೆಯುತ್ತೀರಿ ಎಂದೆ.

“ಅಣ್ಣನ ಹೆಸರು ಹಾಕ್ತೀನಿ,” ಎಂದು ಹಲ್ಲಕ್ಕ ಮತ್ತೆ ಸೂಜಿ ಎತ್ತಿಕೊಂಡರು. “ಕೆಳಗಿನ ಸಾಲು ಹೇಗಿರುತ್ತೆ ಅಂತ ಅವನೂ ನೋಡ್ಲಿ. ನಂಗೆ ಆ ಸಾಲೂ ಸಿಕ್ಕಿರ್ಲಿಲ್ಲ.”